‘ಚಾರ್ಜ್’ ಎಂಬ ಹೊರೆ: ಒಂದು ಇಂಗ್ಲಿಷ್ ಪದವನ್ನು ನಮ್ಮ ಕಾಗದಪತ್ರಗಳಲ್ಲಿ ಓದುವ ಬಗೆ

ಕಳೆದ ಮಳೆಗಾಲದ ಒಂದು ಸಂಜೆ ನೆರೆಯ ಅಡಕೆ ಕೃಷಿಕರೊಬ್ಬರು ಒದ್ದೆ ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿ, ಪ್ಲಾಸ್ಟಿಕ್ ತೊಟ್ಟೆಯೊಳಗಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. ಎಪ್ಪತ್ತು ದಾಟಿದ ಹಿರಿಯರು. “ಮಾಸ್ಟ್ರೇ, ನನ್ನ ಮೇಲೆ ಚಾರ್ಜ್ ಹಾಕಿದ್ದಾರೆ. ನಾನು ಯಾರಿಗೂ ಏನೂ ಮಾಡಿದವನಲ್ಲ” ಎಂದರು. ಸ್ವರ ನಡುಗುತ್ತಿತ್ತು. ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲವಂತೆ.

ಕಾಗದ ಬಂದದ್ದು ಅವರು ಸಾಲ ಪಡೆದಿದ್ದ ಬ್ಯಾಂಕಿನಿಂದ. ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಅದನ್ನು ಓದಿದ ಹುಡುಗ, ಪತ್ರಿಕೆಯಲ್ಲಿ ದಿನವೂ ಕಾಣುವ ‘ಚಾರ್ಜ್‌ಶೀಟ್’ ನೆನಪಿಸಿಕೊಂಡು, ಪೊಲೀಸ್ ಕೇಸಾಗಿದೆ ಎಂದು ಹೇಳಿಬಿಟ್ಟಿದ್ದ. ಕಾಗದದಲ್ಲಿದ್ದದ್ದು ಇಷ್ಟೇ: ಸಾಲಕ್ಕೆ ಭದ್ರತೆಯಾಗಿ ನಿಮ್ಮ ಜಾಗದ ಮೇಲೆ ಬ್ಯಾಂಕಿನ ಹಕ್ಕು (‘ಚಾರ್ಜ್’) ದಾಖಲಾಗಿದೆ, ಪ್ರೊಸೆಸಿಂಗ್ ಚಾರ್ಜ್ ಎಂದು ಇಂತಿಷ್ಟು ಹಣ ಕಡಿತವಾಗಿದೆ, ಹೆಚ್ಚಿನ ವಿವರಕ್ಕೆ ಸಾಲ ವಿಭಾಗದ ಇನ್‌ಚಾರ್ಜ್ ಅವರನ್ನು ಕಾಣಿ. ಒಂದೇ ಹಾಳೆಯಲ್ಲಿ ಮೂರು ‘ಚಾರ್ಜ್’. ಮೂರಕ್ಕೂ ಬೇರೆ ಬೇರೆ ಅರ್ಥ. ಅವುಗಳಲ್ಲಿ ಒಂದಕ್ಕೂ ಪೊಲೀಸರ ಸಂಬಂಧವಿರಲಿಲ್ಲ.

ಕಾಸರಗೋಡಿನ ಕನ್ನಡಿಗರಿಗೆ ಇಂಥ ಸಂಕಟ ಹೊಸತಲ್ಲ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ಕಾಗದಗಳು ಮಲಯಾಳದಲ್ಲಿ ಬರುತ್ತವೆ, ಇಲ್ಲವೇ ಇಂಗ್ಲಿಷಿನಲ್ಲಿ. ನಮ್ಮ ಹಿರಿಯರಲ್ಲಿ ಬಹಳ ಮಂದಿಗೆ ಮಲಯಾಳ ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಆಗ ಇಂಗ್ಲಿಷ್ ಪ್ರತಿಯೇ ಗತಿ. ಆ ಇಂಗ್ಲಿಷಿನಲ್ಲಿ ಕಠಿಣ ಪದ ಬಂದರೆ ಯಾರನ್ನಾದರೂ ಕೇಳುತ್ತೇವೆ. ತೊಂದರೆ ಕೊಡುವುದು ನಮಗೆ ಗೊತ್ತು ಎಂದುಕೊಂಡಿರುವ ಪದಗಳು. ‘ಚಾರ್ಜ್’ ಅವುಗಳಲ್ಲಿ ಮೊದಲನೆಯದು. ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ, ಯಾವ ಮಾತಿನಲ್ಲೂ ಅದು ದಿನಕ್ಕೆ ಹತ್ತು ಸಲ ಕೇಳಿಸುತ್ತದೆ. ಅದನ್ನು ಕಾಗದದಲ್ಲಿ ಕಂಡಾಗ ಹೇಗೆ ಓದಬೇಕು ಎಂಬುದನ್ನು, ನಾನು ತರಗತಿಯಲ್ಲಿ ಮಕ್ಕಳಿಗೂ ಜಗಲಿಯಲ್ಲಿ ನೆರೆಯವರಿಗೂ ಹೇಳಿಕೊಡುವ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಗಾಡಿಯನ್ನು ನೆನಪಿಸಿಕೊಳ್ಳಿ

ಲ್ಯಾಟಿನ್ ಭಾಷೆಯಲ್ಲಿ ‘ಕಾರ್ರುಸ್’ ಎಂದರೆ ಗಾಡಿ. ಅದರಿಂದ ಗಾಡಿಗೆ ಹೇರುವುದು ಎಂಬ ಅರ್ಥದ ಕ್ರಿಯಾಪದ ಹುಟ್ಟಿ, ಹಳೆಯ ಫ್ರೆಂಚಿನ ದಾರಿಯಾಗಿ ಇಂಗ್ಲಿಷಿಗೆ ಬಂದು ‘ಚಾರ್ಜ್’ ಆಯಿತು. ನಾವು ಓಡಿಸುವ ಕಾರು, ಹಡಗಿಗೆ ಹೇರುವ ಕಾರ್ಗೋ, ಈ ಚಾರ್ಜ್, ಎಲ್ಲ ಒಂದೇ ಬಳಗದವು. ಹಾಗಾಗಿ ಪದದ ತಿರುಳು ಒಂದೇ: ಹೊರೆ, ಹೊರೆ ಹೊರಿಸುವುದು.

ಇದು ಪಂಡಿತರಿಗೆ ಮಾತ್ರ ಬೇಕಾದ ಸಂಗತಿಯಲ್ಲ. ಕನ್ನಡ ಈ ಅರ್ಥಗಳಿಗೆ ಬಳಸುವ ಪದಗಳನ್ನೇ ನೋಡಿ. ಅಪವಾದವನ್ನು ನಾವು ‘ಹೊರಿಸುತ್ತೇವೆ’. ಜವಾಬ್ದಾರಿಯನ್ನು ‘ಹೊರುತ್ತೇವೆ’. ಖರ್ಚಿನ ‘ಹೊರೆ’ ಎನ್ನುತ್ತೇವೆ. ಬೇರೊಬ್ಬರ ಹುದ್ದೆಯನ್ನು ನೋಡಿಕೊಳ್ಳುವವರಿಗೆ ‘ಪ್ರಭಾರ’, ಜಾಗದ ಮೇಲಿನ ಬಾಧ್ಯತೆಗೆ ‘ಋಣಭಾರ’. ಎರಡರಲ್ಲೂ ಭಾರ ಇದೆ. ‘ಆರೋಪ’ ಎಂಬ ಸಂಸ್ಕೃತ ಪದಕ್ಕೂ ಮೇಲೆ ಏರಿಸಿಡುವುದು ಎಂದೇ ಮೂಲದ ಅರ್ಥ. ಗಾಡಿಯನ್ನು ಕಂಡವರಿಗೂ ತಲೆಹೊರೆ ಕಂಡವರಿಗೂ ಹೊಳೆದದ್ದು ಒಂದೇ ಚಿತ್ರ. ಈ ಹೊಂದಿಕೆಯನ್ನು ಮೊದಲ ಬಾರಿ ಗಮನಿಸಿದ ದಿನ ನನಗೆ ಆದ ಸಂತೋಷ ಇಂದಿಗೂ ಕುಂದಿಲ್ಲ. ಇಂಗ್ಲಿಷ್ ಪದವನ್ನು ಬಾಯಿಪಾಠ ಮಾಡುವ ಕೆಲಸವೇ ತಪ್ಪಿತು. ಅರ್ಧ ಅರ್ಥ ನಮ್ಮ ನಾಲಿಗೆಯಲ್ಲೇ ಇತ್ತು.

ಎರಡನೆಯ ಹೆಜ್ಜೆ: ಮೂರು ಪ್ರಶ್ನೆ ಕೇಳಿ

ಪದ ಕಂಡ ಕೂಡಲೇ ಅರ್ಥ ಹುಡುಕಬೇಡಿ. ಹೊರೆ ಯಾವುದು? ಹೊರಿಸಿದವರು ಯಾರು? ಯಾರ ಮೇಲೆ, ಅಥವಾ ಯಾವುದರ ಮೇಲೆ? ಈ ಮೂರಕ್ಕೆ ಉತ್ತರ ಬರೆದುಕೊಳ್ಳಿ. ಹೊರೆ ಹಣವಾದರೆ ಅದು ಬಿಲ್ಲು. ಅಪರಾಧವಾದರೆ ಕೇಸು. ಕೆಲಸವಾದರೆ ಅಧಿಕಾರ. ಹೊರೆ ಬಿದ್ದದ್ದು ಮನುಷ್ಯನ ಮೇಲಲ್ಲ, ಜಾಗದ ಮೇಲೆ ಎಂದಾದರೆ ಅದು ಸಾಲದ ಅಥವಾ ಪಾಲಿನ ವಿಷಯ.

ನೆರೆಯವರ ಕಾಗದದಲ್ಲಿ ಮೂರು ಕಡೆಗೂ ಪೆನ್ಸಿಲಿನಿಂದ ಗೀಟು ಹಾಕಿ, ಗೀಟಿನ ಮೇಲೆ ‘ಹಕ್ಕು’, ‘ಹಣ’, ‘ಅಧಿಕಾರಿ’ ಎಂದು ಕನ್ನಡದಲ್ಲಿ ಬರೆದುಕೊಟ್ಟೆ. ಅವರು ಕನ್ನಡಕ ಏರಿಸಿ ಮೂರನ್ನೂ ಮೂರು ಸಲ ಓದಿದರು. ಆಮೇಲೆ ಒಂದು ಲೋಟ ನೀರು ಕೇಳಿದರು. ನೀವೂ ಹಾಗೆಯೇ ಮಾಡಿ. ಪೆನ್ಸಿಲೇ ಇರಲಿ, ಪೆನ್ನು ಬೇಡ; ಮೂಲ ಕಾಗದ ಹಾಳಾಗಬಾರದು.

ಮೂರನೆಯ ಹೆಜ್ಜೆ: ಪದದ ಬಾಲವನ್ನು ನೋಡಿ

ಇಂಗ್ಲಿಷಿನಲ್ಲಿ ಈ ಪದದ ಹಿಂದೆ ಮುಂದೆ ಬರುವ ಪುಟ್ಟ ಪದಗಳೇ ಅರ್ಥವನ್ನು ನಿರ್ಧರಿಸುತ್ತವೆ. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಅವು ಮಾಡುತ್ತವೆ.

‘ವಿತ್’ ಬಂದರೆ ಆರೋಪ. ಒಬ್ಬನನ್ನು ‘ಚಾರ್ಜ್ಡ್ ವಿತ್ ಥೆಫ್ಟ್’ ಎಂದರೆ ಅವನ ಮೇಲೆ ಕಳ್ಳತನದ ಆರೋಪ ಹೊರಿಸಲಾಗಿದೆ ಎಂದರ್ಥ. ‘ಫಾರ್’ ಬಂದರೆ ಸಾಮಾನ್ಯವಾಗಿ ಹಣ: ಪಂಪ್ ರಿಪೇರಿಗೆ, ಪಾರ್ಸೆಲ್ ಕಳುಹಿಸುವುದಕ್ಕೆ ಕೊಡಬೇಕಾದ ಮೊತ್ತ. ‘ಅಟ್’ ಬಂದರೆ ಮೇಲೆ ನುಗ್ಗುವುದು. ‘ಟು’ ಬಂದರೆ ಲೆಕ್ಕ ಯಾರ ಹೆಸರಿಗೆ ಎಂಬ ವಿವರ. ‘ಆನ್’ ಬಂದು ಅದರ ನಂತರ ಜಾಗ, ಸ್ವತ್ತು, ಸರ್ವೆ ನಂಬ್ರ ಇದ್ದರೆ ಋಣಭಾರ. ‘ಫ್ರೀ ಆಫ್ ಚಾರ್ಜ್’ ಎಂದರೆ ಉಚಿತ. ಆರೋಪದಿಂದ ಬಿಡುಗಡೆ ಎಂದಲ್ಲ.

‘ಅಟ್’ ಬಗ್ಗೆ ಒಂದು ಮಾತು. ಮುಳಿಯಾರು, ಕಾರಡ್ಕ, ದೇಲಂಪಾಡಿ ಕಡೆಯ ತೋಟಗಳಿಗೆ ಕಾಡಾನೆ ಇಳಿಯುವುದು ನಮಗೆಲ್ಲ ಗೊತ್ತು. ಇಂಗ್ಲಿಷ್ ಪತ್ರಿಕೆಯಲ್ಲಿ ಆನೆ ಕೆಲಸಗಾರರ ಮೇಲೆ ‘ಚಾರ್ಜ್ಡ್’ ಎಂದು ಬಂದರೆ, ಆನೆ ಅವರತ್ತ ನುಗ್ಗಿತು ಎಂದು ಅರ್ಥ. ನುಗ್ಗಿತು, ಅಷ್ಟೇ. ತಾಗಿತೋ ಇಲ್ಲವೋ ಎಂಬುದನ್ನು ಮುಂದಿನ ವಾಕ್ಯ ಹೇಳುತ್ತದೆ. ಅದನ್ನು ಓದದೆ ಊರಿಗೆಲ್ಲ ಫೋನ್ ಮಾಡಬಾರದು. ಲಾಠಿ ಚಾರ್ಜ್ ಎಂಬಲ್ಲಿರುವುದೂ ಇದೇ ನುಗ್ಗುವ ಅರ್ಥ.

ಬಿಲ್ಲು ಕೈಗೆ ಬಂದಾಗ

ಹಣದ ಅರ್ಥ ಸುಲಭ, ಆದರೆ ನಾವು ಅದನ್ನು ಬೇಡದ ಕಡೆಯೂ ಬಳಸುತ್ತೇವೆ. ಬಸ್ಸಿಗೆ ಕೊಡುವ ಹಣವನ್ನು ಇಂಗ್ಲಿಷಿನಲ್ಲಿ ‘ಫೇರ್’ ಎನ್ನಬೇಕು, ‘ಬಸ್ ಚಾರ್ಜ್’ ಎಂದಲ್ಲ. ವೈದ್ಯರಿಗೆ, ವಕೀಲರಿಗೆ, ಶಾಲೆಗೆ ಕೊಡುವುದು ‘ಫೀ’. ಮನೆಗೆ ಕೊಡುವ ಬಾಡಿಗೆ ‘ರೆಂಟ್’. ಮಾತಿನಲ್ಲಿ ಬಸ್ ಚಾರ್ಜ್ ಎಂದರೆ ಯಾರಿಗೂ ನಷ್ಟವಿಲ್ಲ; 2022ರ ಮೇ ತಿಂಗಳಲ್ಲಿ ಕೇರಳದ ಸಾಮಾನ್ಯ ಬಸ್ಸಿನ ಕನಿಷ್ಠ ದರ 10 ರೂಪಾಯಿ ಆದಾಗ ಇಡೀ ಊರು ‘ಚಾರ್ಜ್ ಏರಿತು’ ಎಂದೇ ಹೇಳಿತು. ಪರೀಕ್ಷೆಯ ಉತ್ತರದಲ್ಲಿ, ಅರ್ಜಿಯಲ್ಲಿ ಬರೆಯುವಾಗ ಮಾತ್ರ ‘ಫೇರ್’ ಎಂದೇ ಬರೆಯಿರಿ. ಮಕ್ಕಳು ಅಂಕ ಕಳೆದುಕೊಳ್ಳುವುದನ್ನು ನೋಡಿದ್ದೇನೆ.

ಕೇರಳದ ವಿದ್ಯುತ್ ಮಂಡಳಿಯಾದ ಕೆಎಸ್‌ಇಬಿಯ ಬಿಲ್ಲಿನಲ್ಲಿ ಎರಡು ಸಾಲು ಮುಖ್ಯ. ‘ಫಿಕ್ಸೆಡ್ ಚಾರ್ಜ್’ ಸಂಪರ್ಕ ಇರುವುದಕ್ಕಾಗಿ ಕೊಡುವ ಹಣ. ಮನೆಗೆ ಬೀಗ ಹಾಕಿ ಮಂಗಳೂರಿನಲ್ಲಿ ಮಗನ ಮನೆಯಲ್ಲಿ ಕೂತರೂ ಅದು ಬರುತ್ತದೆ. ‘ಎನರ್ಜಿ ಚಾರ್ಜ್’ ಸುಟ್ಟ ಯೂನಿಟ್ಟಿಗೆ. ಬಿಲ್ಲು ಏಕೆ ಏರಿತು ಎಂದು ನೋಡಬೇಕಾದದ್ದು ಈ ಎರಡನೆಯ ಸಾಲನ್ನು. ಮನೆಗಳಿಗೆ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದಾದ್ದರಿಂದ ಯೂನಿಟ್ಟನ್ನು ಎರಡರಿಂದ ಭಾಗಿಸಿ. ತಿಂಗಳಿಗೆ 250 ಯೂನಿಟ್ಟಿನವರೆಗೆ ಮೆಟ್ಟಿಲಿನ ಲೆಕ್ಕ: ಮೊದಲ ಯೂನಿಟ್ಟುಗಳಿಗೆ ಕಡಿಮೆ ದರ, ಮುಂದಿನವಕ್ಕೆ ಹೆಚ್ಚು. 250 ದಾಟಿದರೆ ಮೆಟ್ಟಿಲು ಇಲ್ಲ, ಮೊದಲ ಯೂನಿಟ್ಟಿನಿಂದಲೇ ಎಲ್ಲಕ್ಕೂ ಒಂದೇ ಮೇಲಿನ ದರ. ಬೇಸಿಗೆಯಲ್ಲಿ ಪಂಪು, ಫ್ಯಾನು, ಫ್ರಿಜ್ ಸೇರಿ ಆ ಗೆರೆ ದಾಟಿದವರಿಗೆ ಬಿಲ್ಲು ಒಮ್ಮೆಲೇ ಹಾರುವುದು ಇದಕ್ಕೇ. ‘ಸರ್‌ಚಾರ್ಜ್’ ಎಂದರೆ ಹೊರೆಯ ಮೇಲಿನ ಹೊರೆ, ಅಂದರೆ ಹೆಚ್ಚುವರಿ.

ಹೋಟೆಲಿನ ಬಿಲ್ಲಿನಲ್ಲಿ ‘ಸರ್ವಿಸ್ ಚಾರ್ಜ್’ ಕಂಡರೆ ಅದನ್ನು ತೆರಿಗೆ ಎಂದುಕೊಳ್ಳಬೇಡಿ. ಅದನ್ನು ಗ್ರಾಹಕರ ಒಪ್ಪಿಗೆಯಿಲ್ಲದೆ ತಾನಾಗಿ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿದೆ. ತೆಗೆಯಲು ಕೇಳಬಹುದು, ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಜಾಗದ ಕಾಗದದಲ್ಲಿ ಬಂದಾಗ

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆ ಅತಿ ಹೆಚ್ಚು ನಷ್ಟವೂ ಜಗಳವೂ ಆಗುವುದು ಇದೇ ಅರ್ಥ ತಿಳಿಯದೆ.

1882ರ ಆಸ್ತಿ ವರ್ಗಾವಣೆ ಕಾನೂನಿನ 100ನೆಯ ಕಲಮು ‘ಚಾರ್ಜ್’ ಎಂದರೇನು ಎಂದು ಹೇಳುತ್ತದೆ. ಒಬ್ಬರ ಸ್ಥಿರಾಸ್ತಿ ಇನ್ನೊಬ್ಬರಿಗೆ ಸಲ್ಲಬೇಕಾದ ಹಣಕ್ಕೆ ಭದ್ರತೆಯಾಗಿದ್ದು, ಆ ವ್ಯವಹಾರ ಅಡವು ಆಗಿಲ್ಲದಿದ್ದರೆ ಅದು ಚಾರ್ಜ್. ಅಡವಿನಲ್ಲಿ ಸ್ವತ್ತಿನ ಒಂದು ಹಿತವನ್ನೇ ಸಾಲ ಕೊಟ್ಟವರಿಗೆ ವರ್ಗಾಯಿಸಿರುತ್ತೇವೆ. ಚಾರ್ಜ್‌ನಲ್ಲಿ ವರ್ಗಾವಣೆ ಇಲ್ಲ. ಹಣ ಬಾರದಿದ್ದರೆ ಈ ಸ್ವತ್ತಿನಿಂದ ವಸೂಲು ಮಾಡಿಕೊಳ್ಳಬಹುದು ಎಂಬ ಹಕ್ಕು ಮಾತ್ರ ಅದರ ಬೆನ್ನ ಮೇಲೆ ಕೂತಿರುತ್ತದೆ. ಸ್ವತ್ತು ನಿಮ್ಮದೇ, ಅನುಭೋಗವೂ ನಿಮ್ಮದೇ.

ಹಳೆಯ ಪಾಲುಪಟ್ಟಿಗಳನ್ನು ತೆರೆದು ನೋಡಿದವರಿಗೆ ಇದು ಗೊತ್ತಿರುತ್ತದೆ. ನಾನು ಓದಿದ ಒಂದು ಪಾಲುಪಟ್ಟಿಯಲ್ಲಿ, ಮೂವರು ಅಣ್ಣತಮ್ಮಂದಿರು ಪಾಲಾಗುವಾಗ ತಾಯಿಯವರ ಜೀವನಾಂಶಕ್ಕೆ ವರ್ಷಕ್ಕೆ ಇಂತಿಷ್ಟು ಮುಡಿ ಅಕ್ಕಿ ಮತ್ತು ಕೈಖರ್ಚಿಗೆ ಹಣ ಕೊಡತಕ್ಕದ್ದು, ಅದಕ್ಕೆ ಹಿರಿಯವನ ಪಾಲಿನ ಸ್ವತ್ತಿನ ಮೇಲೆ ‘ಚಾರ್ಜ್’ ಇರತಕ್ಕದ್ದು ಎಂದು ಬರೆದಿತ್ತು. ಅಚ್ಚಗನ್ನಡದ ಬರವಣಿಗೆಯ ನಡುವೆ ಆ ಒಂದೇ ಇಂಗ್ಲಿಷ್ ಪದ. ಬರೆದವರಿಗೆ ಅದರ ತೂಕ ಗೊತ್ತಿತ್ತು: ಮಗ ಮರೆತರೂ ತಾಯಿಯ ಅನ್ನಕ್ಕೆ ನೆಲವೇ ಜಾಮೀನು. ಆ ಹಾಳೆಯನ್ನು ನಾನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದೆ.

ಜಾಗ ಕೊಳ್ಳುವವರು ಮಾಡಬೇಕಾದದ್ದು ಹೀಗೆ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ. ಮಲಯಾಳದಲ್ಲಿ ಇದಕ್ಕೆ ಕುಡಿಕ್ಕಡ ಸರ್ಟಿಫಿಕೇಟ್ ಎನ್ನುತ್ತಾರೆ, ಕಚೇರಿಯಲ್ಲಿ ಆ ಹೆಸರೇ ಚಲಾವಣೆಯಲ್ಲಿದೆ. ಅದರಲ್ಲಿ ಅಡವು, ಚಾರ್ಜ್, ಸಹಕಾರಿ ಸಂಸ್ಥೆಗಳ ಸಾಲಕ್ಕೆ ಮಾಡುವ ಗಹಾನ್, ಯಾವುದು ಕಂಡರೂ ಅದು ತೀರಿದೆಯೇ ಎಂದು ನೋಡಿ. ತೀರಿದ್ದಕ್ಕೆ ಬಿಡುಗಡೆಯ ದಾಖಲೆ ಬೇರೆಯಾಗಿ ಇರಬೇಕು. ‘ಸಾಲ ಕಟ್ಟಿ ಆಗಿದೆ’ ಎಂಬ ಬಾಯಿಮಾತು ಸಾಲದು. ಋಣಭಾರ ಪತ್ರದಲ್ಲಿ ಏನೂ ಇಲ್ಲ ಎಂದ ಮಾತ್ರಕ್ಕೆ ನೆಮ್ಮದಿಯಿಂದ ಕೂರಬೇಡಿ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಮೂಲ ಆಧಾರವನ್ನು, ಅಂದರೆ ಜಾಗದ ಹಕ್ಕಿನ ಮೂಲ ಪತ್ರವನ್ನು, ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಅಲ್ಲಿ ಕಾಣದೆ ಹೋಗಬಹುದು. ಆದ್ದರಿಂದ ಮೂಲ ಆಧಾರವನ್ನೇ ಕಣ್ಣಾರೆ ನೋಡಬೇಕು. ‘ಜೆರಾಕ್ಸ್ ಸಾಕು, ಮೂಲ ಮನೆಯಲ್ಲಿದೆ’ ಎನ್ನುವವರ ಮನೆಗೇ ಹೋಗಿ ನೋಡಿ.

ಚಾರ್ಜ್ ಇದೆ ಎಂದು ತಿಳಿಯದೆ, ಬೆಲೆ ಕೊಟ್ಟು ಕೊಂಡವರ ಕೈಯಲ್ಲಿರುವ ಸ್ವತ್ತಿನ ಮೇಲೆ ಆ ಹಕ್ಕನ್ನು ಜಾರಿ ಮಾಡುವಂತಿಲ್ಲ ಎಂದು ಅದೇ 100ನೆಯ ಕಲಮು ರಕ್ಷಣೆ ಕೊಟ್ಟಿದೆ. ಆದರೆ ನೋಂದಣಿಯಾದ ಪತ್ರದಲ್ಲಿ ಅದು ಬರೆದಿದ್ದರೆ ‘ನನಗೆ ತಿಳಿದಿರಲಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ. ಪಾಲುಪಟ್ಟಿಯನ್ನು ಕೊನೆಯ ಪುಟದವರೆಗೂ ಓದಬೇಕು ಎನ್ನುವುದು ಇದಕ್ಕೆ.

ಪೊಲೀಸು, ಕೋರ್ಟಿನ ಕಾಗದದಲ್ಲಿ ಬಂದಾಗ

ನಮ್ಮ ಊರಿನಲ್ಲಿ ಇನ್ನೊಂದು ತೊಡಕಿದೆ. ಮಲಯಾಳದ ಮಾತಿನಲ್ಲಿ ‘ಕೇಸ್ ಚಾರ್ಜ್ ಮಾಡಿದರು’ ಎಂಬುದನ್ನು ಠಾಣೆಯಲ್ಲಿ ಕೇಸು ದಾಖಲಿಸಿದರು ಎಂಬ ಅರ್ಥಕ್ಕೂ ಬಳಸುತ್ತಾರೆ. ಅದನ್ನೇ ನಾವು ಕನ್ನಡಕ್ಕೆ ತಂದುಕೊಂಡು, ಎಫ್‌ಐಆರ್ ಆದ ದಿನವೇ ‘ಚಾರ್ಜ್ ಆಯಿತು’ ಎನ್ನುತ್ತೇವೆ. ಕಾನೂನಿನಲ್ಲಿ ಎಫ್‌ಐಆರ್, ಚಾರ್ಜ್‌ಶೀಟ್, ಚಾರ್ಜ್ ಮೂರು ಬೇರೆ ಬೇರೆ ಮೆಟ್ಟಿಲು.

ಮೊದಲನೆಯದು ಎಫ್‌ಐಆರ್, ಅಂದರೆ ಪ್ರಥಮ ವರ್ತಮಾನ ವರದಿ. ಅಪರಾಧ ನಡೆದಿದೆ ಎಂಬ ಮಾಹಿತಿ ದಾಖಲಾಗಿದೆ, ಅಷ್ಟೇ. ಕಾಗದದಲ್ಲಿ ‘ಕ್ರೈಮ್ ನಂಬರ್’ ಇದ್ದರೆ ವಿಷಯ ಈ ಹಂತದ್ದು. ಇದರ ನಕಲನ್ನು ಮಾಹಿತಿ ಕೊಟ್ಟವರಿಗೆ ಹಣ ತೆಗೆದುಕೊಳ್ಳದೆ ಕೊಡಬೇಕು.

ಎರಡನೆಯದು ಚಾರ್ಜ್‌ಶೀಟ್, ದೋಷಾರೋಪ ಪಟ್ಟಿ. ತನಿಖೆ ಮುಗಿಸಿ ಪೊಲೀಸರು ನ್ಯಾಯಾಲಯಕ್ಕೆ ಒಪ್ಪಿಸುವ ವರದಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೆಯ ಕಲಮಿನಲ್ಲಿ ಇದರ ವಿವರವಿದೆ. ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅದು 173ನೆಯದಾಗಿತ್ತು. ಆರೋಪಿ ಬಂಧನದಲ್ಲಿದ್ದರೆ ಅಪರಾಧದ ಗಂಭೀರತೆಗೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ಇದು ಸಲ್ಲಿಕೆಯಾಗಬೇಕು. ಆಗದಿದ್ದರೆ ಜಾಮೀನು ಪಡೆಯುವ ಹಕ್ಕು ಹುಟ್ಟುತ್ತದೆ. ಪ್ರಕರಣಕ್ಕೆ ‘ಸಿಸಿ ನಂಬರ್’ ಬಿದ್ದಿದ್ದರೆ ಅದು ಮ್ಯಾಜಿಸ್ಟ್ರೇಟರ ನ್ಯಾಯಾಲಯದ ಕಡತಕ್ಕೆ ಸೇರಿದೆ ಎಂದು ತಿಳಿಯಿರಿ.

ಮೂರನೆಯದೇ ನಿಜವಾದ ‘ಚಾರ್ಜ್’. ಪೊಲೀಸರ ವರದಿಯನ್ನೂ ದಾಖಲೆಗಳನ್ನೂ ನೋಡಿ, ವಿಚಾರಣೆಗೆ ಆಧಾರವಿದೆ ಎಂದು ಕಂಡರೆ ನ್ಯಾಯಾಧೀಶರು ದೋಷಾರೋಪವನ್ನು ಬರೆದು, ಆರೋಪಿಗೆ ಓದಿ ವಿವರಿಸಿ, ತಪ್ಪೊಪ್ಪಿಕೊಳ್ಳುತ್ತೀರಾ ಎಂದು ಕೇಳುತ್ತಾರೆ. ಹೊರೆ ಹೊರಿಸುವವರು ಇಲ್ಲಿ ಪೊಲೀಸರಲ್ಲ, ನ್ಯಾಯಾಲಯ. ವಿಚಾರಣೆ ಶುರುವಾಗುವುದು ಇಲ್ಲಿಂದ. ಹೊರೆ ಹೊರಿಸಿದ ಮಾತ್ರಕ್ಕೆ ತಪ್ಪು ಸಾಬೀತಾಗಿಲ್ಲ. ಪತ್ರಿಕೆಯಲ್ಲಿ ‘ಚಾರ್ಜ್‌ಶೀಟ್ ಸಲ್ಲಿಕೆ’ ಎಂದು ಓದಿದ ಕೂಡಲೇ ಒಬ್ಬ ಹುಡುಗನನ್ನು ಅಪರಾಧಿ ಎಂದು ಕರೆದು, ಅವನಿಗೆ ನಿಶ್ಚಯವಾಗಿದ್ದ ಮದುವೆಯೇ ಮುರಿದದ್ದನ್ನು ನಾನು ಕಂಡಿದ್ದೇನೆ. ಒಂದು ಪದದ ಅರ್ಥ ಅಷ್ಟು ದೂರ ಹೋಗಬಲ್ಲದು.

‘ಡಿಸ್‌ಚಾರ್ಜ್’ ಎಂದರೆ ಹೊರೆ ಇಳಿಸುವುದು. ನ್ಯಾಯಾಲಯದಲ್ಲಿ ಒಬ್ಬರು ‘ಡಿಸ್‌ಚಾರ್ಜ್’ ಆದರು ಎಂದರೆ ಆರೋಪ ಹೊರಿಸಲು ಸಾಕಷ್ಟು ಆಧಾರವೇ ಇಲ್ಲ ಎಂದು ವಿಚಾರಣೆಗೆ ಮೊದಲೇ ಬಿಟ್ಟರು ಎಂದರ್ಥ. ವಿಚಾರಣೆ ನಡೆದು ನಿರಪರಾಧಿ ಎಂದು ತೀರ್ಪು ಬಂದರೆ ಅದು ‘ಅಕ್ವಿಟಲ್’, ಖುಲಾಸೆ. ಎರಡನ್ನೂ ಬಿಡುಗಡೆ ಎಂದುಬಿಟ್ಟರೆ ಕಾಗದದ ಬೆಲೆ ತಿಳಿಯುವುದಿಲ್ಲ. ಆಸ್ಪತ್ರೆಯ ಡಿಸ್‌ಚಾರ್ಜ್, ಸಾಲದ ಡಿಸ್‌ಚಾರ್ಜ್, ಅಣೆಕಟ್ಟಿನಿಂದ ಬಿಡುವ ನೀರಿನ ಡಿಸ್‌ಚಾರ್ಜ್, ಎಲ್ಲದರಲ್ಲೂ ಇಳಿಸುವ, ಹೊರಬಿಡುವ ಅರ್ಥವೇ ಇದೆ.

ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ತಿಳಿಯುವ ಭಾಷೆಯಲ್ಲಿ ವಿವರಿಸಬೇಕು ಎಂದು ಕಾನೂನು ಹೇಳುತ್ತದೆ. ಕನ್ನಡ ಮಾತ್ರ ಬಲ್ಲವರು ಕಟಕಟೆಯಲ್ಲಿ ತಲೆಯಾಡಿಸಿ ಸುಮ್ಮನಿರಬಾರದು. ನನಗೆ ಅರ್ಥವಾಗಲಿಲ್ಲ ಎಂದು ವಕೀಲರ ಮೂಲಕ ಹೇಳಬೇಕು. ಹಾಗೆ ಹೇಳುವುದರಲ್ಲಿ ಅವಮಾನವೇನೂ ಇಲ್ಲ.

ಕಚೇರಿಯಲ್ಲಿ ಬಂದಾಗ

ನಾನು ಮೊದಲ ಬಾರಿ ಶಾಲೆಯ ‘ಚಾರ್ಜ್’ ತೆಗೆದುಕೊಂಡ ದಿನ ಹಿಂದಿನ ಮುಖ್ಯೋಪಾಧ್ಯಾಯರು ದಾಸ್ತಾನು ಪುಸ್ತಕ, ಹಾಜರಿ ಪುಸ್ತಕ, ಕ್ಯಾಶ್ ಪುಸ್ತಕಗಳನ್ನು ಒಂದೊಂದಾಗಿ ತೋರಿಸಿ, ಕೊನೆಗೆ ಬೀಗದ ಕೈಗಳ ಗೊಂಚಲನ್ನು ನನ್ನ ಅಂಗೈಯಲ್ಲಿಟ್ಟರು. ಹದಿನೇಳು ಕೀಲಿಕೈಗಳು. ಅಂಗೈ ಒಂದಿಷ್ಟು ಕೆಳಗಿಳಿಯಿತು. ಪ್ರಭಾರ ಎಂಬ ಪದದಲ್ಲಿ ಭಾರ ಏಕೆ ಇದೆ ಎಂದು ಕೇಳುವ ಮಕ್ಕಳಿಗೆ ನಾನು ಈ ಗೊಂಚಲನ್ನೇ ಕೊಟ್ಟು ಹಿಡಿಸುತ್ತಿದ್ದೆ.

ವಿಲ್ಲೇಜ್ ಆಫೀಸಿನಲ್ಲೋ ಪಂಚಾಯತಿನಲ್ಲೋ ‘ಇನ್‌ಚಾರ್ಜ್’ ಎಂದು ಬರೆದು ಸಹಿ ಹಾಕಿದ್ದರೆ, ಆ ಹುದ್ದೆಯ ಕೆಲಸವನ್ನು ಸದ್ಯಕ್ಕೆ ನೋಡಿಕೊಳ್ಳಲು ನೇಮಿಸಿದವರು ಎಂದರ್ಥ. ‘ಅಡಿಷನಲ್ ಚಾರ್ಜ್’ ಎಂದರೆ ಹೆಚ್ಚುವರಿ ಪ್ರಭಾರ. ತನ್ನ ಕಚೇರಿಯ ಜೊತೆಗೆ ಇನ್ನೊಂದರದ್ದೂ. ಅಂಥವರು ಯಾವ ದಿನ ಯಾವ ಕಚೇರಿಯಲ್ಲಿ ಸಿಗುತ್ತಾರೆ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ.

ಇಂಗ್ಲಿಷ್ ಬರೆಯುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ‘ಇನ್ ಚಾರ್ಜ್ ಆಫ್’ ಎಂದರೆ ನೋಡಿಕೊಳ್ಳುವವರು. ನಡುವೆ ‘ದ’ ಸೇರಿಸಿ ‘ಇನ್ ದ ಚಾರ್ಜ್ ಆಫ್’ ಎಂದರೆ ಮತ್ತೊಬ್ಬರ ಆರೈಕೆಯಲ್ಲಿರುವವರು. ಅಜ್ಜಿ ಮೊಮ್ಮಗುವಿನ ‘ಇನ್ ಚಾರ್ಜ್’. ಮೊಮ್ಮಗು ಅಜ್ಜಿಯ ‘ಇನ್ ದ ಚಾರ್ಜ್’. ಒಂದು ‘ದ’ ಬಿಟ್ಟರೆ ತೊಟ್ಟಿಲಿನ ಮಗುವೇ ಅಜ್ಜಿಯನ್ನು ಸಾಕಿದಂತಾಗುತ್ತದೆ.

ಬ್ಯಾಟರಿ ಮತ್ತು ಬಾವಿ

ಮೊಬೈಲಿನ ಚಾರ್ಜ್ ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಹೇಳಬೇಕಾಗಿಲ್ಲ. ಬಂದೂಕಿಗೆ ಮದ್ದು ತುಂಬುವುದನ್ನು ಇಂಗ್ಲಿಷಿನಲ್ಲಿ ಚಾರ್ಜ್ ಎನ್ನುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಪ್ರಯೋಗಗಳನ್ನು ವಿವರಿಸುವಾಗ ಅದನ್ನು ವಿದ್ಯುತ್ತಿಗೂ ಬಳಸಿದರು. ಬ್ಯಾಟರಿಯ ಮೇಲೆ 5000 ಎಂಎಎಚ್ ಎಂದಿರುವುದು ಅದು ಎಷ್ಟು ಹೊರೆ ಹೊರಬಲ್ಲದು ಎಂಬುದರ ಅಳತೆ. ಭೌತಶಾಸ್ತ್ರದ ಮಾನದಲ್ಲಿ 18,000 ಕೂಲಂಬ್.

ಕನ್ನಡ ಪಠ್ಯಪುಸ್ತಕ ಇದಕ್ಕೆ ‘ವಿದ್ಯುದಾವೇಶ’ ಎನ್ನುತ್ತದೆ. ಈ ಪದವನ್ನು ರೂಪಿಸಿದವರಿಗೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಆವೇಶ ಎಂದರೆ ಒಳಹೊಗುವುದು. ಕೋಲ, ತೆಯ್ಯಂ ಕಂಡು ಬೆಳೆದ ನಮ್ಮ ಮಕ್ಕಳಿಗೆ, ಸುಮ್ಮನೆ ನಿಂತಿದ್ದ ಮೈಯೊಳಗೆ ಕಾಣದ ಶಕ್ತಿ ಹೊಕ್ಕು ಅದು ಬೇರೆಯೇ ಆಗಿ ಕಂಪಿಸುವುದು ಎಂದರೇನು ಎಂದು ವಿವರಿಸಬೇಕಾಗಿಲ್ಲ. ಬಾಚಣಿಗೆಯನ್ನು ತಲೆಗೂದಲಿಗೆ ಉಜ್ಜಿ ಕಾಗದದ ಚೂರುಗಳ ಬಳಿ ಹಿಡಿಸಿ, ‘ಈಗ ಇದಕ್ಕೆ ಆವೇಶ ಬಂದಿದೆ’ ಎಂದರೆ ಸಾಕು, ಪಾಠ ಅರ್ಧ ಮುಗಿದಂತೆ.

‘ರೀಚಾರ್ಜ್’ ಎಂದರೆ ಮತ್ತೆ ತುಂಬುವುದು. ಮೊಬೈಲಿಗೂ ಹೌದು, ಬಾವಿಗೂ ಹೌದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬಿದ್ದರೂ ಮೇ ತಿಂಗಳಲ್ಲಿ ಬಾವಿಯ ತಳ ಕಾಣುವ ಮುರಕಲ್ಲಿನ ನಾಡು ನಮ್ಮದು. ಇಂಗ್ಲಿಷ್ ಸುತ್ತೋಲೆಯಲ್ಲಿ ‘ವೆಲ್ ರೀಚಾರ್ಜ್’ ಎಂದು ಕಂಡರೆ ಅದು ಬಾವಿಗೆ ಮಳೆನೀರು ಇಂಗಿಸುವ, ಜಲ ಮರುಪೂರಣದ ಮಾತು. ಸುರಂಗ ತೋಡಿ ನೀರು ತಂದ ಹಿರಿಯರ ಊರಿನಲ್ಲಿ ಅದನ್ನು ಮೊಬೈಲ್ ಅಂಗಡಿಯ ಪದ ಎಂದುಕೊಂಡು ಬದಿಗಿಡಬಾರದು.

ಕೊನೆಯ ಹೆಜ್ಜೆ: ಹೊರೆ ಇಳಿದದ್ದಕ್ಕೆ ಕಾಗದ ಪಡೆಯಿರಿ

ಸಾಲ ತೀರಿದ ದಿನವೇ ಜಾಗದ ಮೇಲಿನ ಚಾರ್ಜ್ ತಾನಾಗಿ ದಾಖಲೆಯಿಂದ ಅಳಿಸಿಹೋಗುವುದಿಲ್ಲ. ಮನೆಸಾಲದಂಥ ವೈಯಕ್ತಿಕ ಸಾಲಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರಿನಲ್ಲಿ ಒಂದು ಆದೇಶ ಹೊರಡಿಸಿತು. ಅದೇ ವರ್ಷದ ಡಿಸೆಂಬರ್ 1ರಿಂದ ಅದು ಅನ್ವಯ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ದಾಖಲೆಗಳನ್ನು ಹಿಂತಿರುಗಿಸಿ, ನೋಂದಾಯಿಸಿದ್ದ ಚಾರ್ಜ್ ತೆಗೆಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಊರಿನ ಪ್ರಾಥಮಿಕ ಸಹಕಾರಿ ಸಂಘಗಳು, ಹೆಸರಿನಲ್ಲಿ ಬ್ಯಾಂಕ್ ಎಂದಿದ್ದರೂ, ರಿಸರ್ವ್ ಬ್ಯಾಂಕಿನ ಈ ಆದೇಶದ ವ್ಯಾಪ್ತಿಯಲ್ಲಿಲ್ಲ. ಅಲ್ಲಿ ಮತ್ತು ಕೃಷಿಸಾಲದಲ್ಲಿ ನಾವೇ ಬರೆದು ಕೇಳಬೇಕು.

ಬರೆಯುವುದು ಕಷ್ಟವಲ್ಲ. ನೆರೆಯವರ ಸಾಲ ಈ ಮಾರ್ಚಿನಲ್ಲಿ ತೀರಿತು. ಅವರೇ ಜಗಲಿಯಲ್ಲಿ ಕೂತು ಬರೆದ ಅರ್ಜಿಯ ಒಕ್ಕಣೆ ಹೀಗಿತ್ತು: ‘ನನ್ನ ಈ ಕೆಳಗಿನ ಸಂಖ್ಯೆಯ ಸಾಲ ಇಂಥ ತಾರೀಕಿನಂದು ಪೂರ್ತಿ ಸಂದಾಯವಾಗಿದೆ. ಸದ್ರಿ ಸಾಲದ ಬಾಬ್ತು ನನ್ನ ಸ್ವತ್ತಿನ ಮೇಲಿರುವ ಚಾರ್ಜ್ ಬಿಡುಗಡೆ ಮಾಡಿ, ಬಿಡುಗಡೆ ಪತ್ರವನ್ನೂ ನನ್ನ ಮೂಲ ಆಧಾರವನ್ನೂ ಹಿಂತಿರುಗಿಸಬೇಕಾಗಿ ಕೋರುತ್ತೇನೆ.’ ಕೆಳಗೆ ಸಾಲದ ಸಂಖ್ಯೆ, ಸರ್ವೆ ನಂಬ್ರ, ರಶೀದಿಯ ನಕಲು. ಕನ್ನಡದಲ್ಲೇ ಬರೆದರು, ಸರ್ಕಾರಿ ಕಚೇರಿಗಳಿಗೆ ಕುಂದುಕೊರತೆಯ ಮನವಿಯನ್ನು ನಮ್ಮ ಭಾಷೆಯಲ್ಲೇ ಕೊಡುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ, ಬ್ಯಾಂಕಿನಲ್ಲಿಯೂ ಕೇಳಿ ನೋಡೋಣ ಎಂದರು. ಜೊತೆಗೆ ಒಂದು ಇಂಗ್ಲಿಷ್ ಪ್ರತಿಯನ್ನು ನಾನು ಬರೆದುಕೊಟ್ಟೆ, ಕೆಲಸ ಬೇಗ ಆಗಲಿ ಎಂದು.

ಎರಡು ಪ್ರತಿ ಮಾಡಿಸಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು, ಸಹಿ, ತಾರೀಕು ಹಾಕಿಸಿಕೊಳ್ಳಿ. ಬಿಡುಗಡೆ ಪತ್ರ ಕೈಗೆ ಬಂದ ಮೇಲೆ ಒಂದು ಹೊಸ ಋಣಭಾರ ಪತ್ರ ತೆಗೆಸಿ, ಆ ಸಾಲಿನ ಎದುರು ಬಿಡುಗಡೆ ದಾಖಲಾಗಿದೆಯೇ ಎಂದು ನೋಡಿ. ಆಮೇಲೆ ಎಲ್ಲವನ್ನೂ ಮೂಲ ಆಧಾರದ ಜೊತೆಗೆ ಒಂದೇ ತೊಟ್ಟೆಯಲ್ಲಿ ಕಟ್ಟಿ, ಗೆದ್ದಲು ಹತ್ತದ ಕಡೆ ಇಡಿ.